ಶಿಖರ ಹತ್ತದಿದ್ದರೂ ನಡೆಯುತ್ತೆ

ಸಂಪಾದಕರೇ,

ನ್ಯೂಜಿಲೆಂಡ್‌ಗೆ ಹೋದ ನಮ್ಮವರು ಟೊಂಗಾರಿರೊ ರಾಷ್ಟ್ರೀಯ ಉದ್ಯಾನದ ಹಸಿರು ಕೊಳಗಳ ಮುಂದೆ ಸೆಲ್ಫಿ ತೆಗೆದು ಹಾಕುತ್ತಾರೆ. ಚೆಂದವೇ. ಪಕ್ಕದ ಬಿಸಿ ಬಂಡೆಗಳಿಂದ ಕರಗಿ ಇಳಿದ ಖನಿಜಗಳು ಕೊಟ್ಟ ಬಣ್ಣ ಅದು. ಹತ್ತಿರದಲ್ಲೇ ನೆಲದಿಂದ ಗಂಧಕದ ವಾಸನೆಯ ಹಬೆ ಏಳುತ್ತಿರುತ್ತದೆ.

ಆದರೆ ಈ ಉದ್ಯಾನದ ಶಿಖರಗಳು ಜ್ವಾಲಾಮುಖಿಗಳು; ಸ್ಥಳೀಯ ಮಾವೊರಿ ಮೂಲನಿವಾಸಿಗಳಿಗೆ ಅವು ಪೂರ್ವಜರಿದ್ದಂತೆ. ಜಮೀನು ತುಂಡು ತುಂಡಾಗಿ ಮಾರಾಟವಾದೀತೆಂಬ ಆತಂಕದಲ್ಲಿ ಅವರ ಮುಖಂಡ ಟೆ ಹೆಯುಹೆಯು ಟುಕಿನೊ 1887ರಲ್ಲಿ ಶಿಖರಗಳನ್ನು ಸರ್ಕಾರಕ್ಕೆ ಒಪ್ಪಿಸಿದರು. ಯುನೆಸ್ಕೊ 1990ರಲ್ಲಿ ಪ್ರಕೃತಿಗಾಗಿ, 1993ರಲ್ಲಿ ಸಂಸ್ಕೃತಿಗಾಗಿ ಮನ್ನಣೆ ಕೊಟ್ಟಿತು.

ಶಿಖರ ಹತ್ತಬೇಡಿ, ಕೊಳದ ನೀರು ಮುಟ್ಟಬೇಡಿ ಎಂದು ಅಲ್ಲಿ ಕೇಳಿಕೊಳ್ಳುತ್ತಾರೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ನಮಗೆ ಇದೇನು ಕಷ್ಟವಲ್ಲ, ಅಲ್ವಾ? ನಿಮ್ಮ ಪ್ರವಾಸ ಪುಟದಲ್ಲಿ ಈ ವಿಷಯವೂ ಬರಲಿ.

ಒಬ್ಬ ಓದುಗ, ಮೈಸೂರು