ಬಸ್ಸುಗಳಿಲ್ಲದ ಲಂಡನ್ನಿನಲ್ಲಿ ಒಂದು ದಿನ

ಪ್ರೀತಿಯ ಗೆಳೆಯಾ,

ಅಪ್ಪ ಈಗ ಕೋಲು ಹಿಡಿದು ಬಾಗಿಲವರೆಗೆ ತಾವೇ ನಡೆದು ಬರುತ್ತಾರೆ ಎಂದು ನೀನು ಬರೆದದ್ದನ್ನು ಎರಡು ಸಲ ಓದಿದೆ. ಈಗ ಜೀವ ಹಗುರವಾಯಿತು. ಇಷ್ಟು ದಿನ ನಿನಗೆ ಲಂಡನ್ನಿನ ಸುದ್ದಿ ಬರೆಯಲು ಕೈ ಏಳುತ್ತಿರಲಿಲ್ಲ. ಅಪ್ಪನ ಸೊಂಟದ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆಯುತ್ತಿರುವವನಿಗೆ ದೀಪಾಲಂಕಾರದ ವರ್ಣನೆಯನ್ನು ಹೇಗೆ ಕಳಿಸಲಿ? ಆರು ಜನರೂ ಒಟ್ಟಿಗೆ ಸೇರಬೇಕೆಂದು ಎರಡು ವರ್ಷ ಪಟ್ಟು ಹಿಡಿದವನು ನೀನು. ಕೊನೆಗೆ ಹೋದವರು ನಾವು ಐವರು.

ಇಪ್ಪತ್ನಾಲ್ಕರ ಸಂಜೆ ರೀಜೆಂಟ್ ಸ್ಟ್ರೀಟಿನಲ್ಲಿ ರೆಕ್ಕೆ ಬಿಚ್ಚಿದ ದೀಪದ ದೇವತೆಗಳನ್ನು ಕಂಡೆವು. ಜನಜಂಗುಳಿಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ, ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದೆವು. ಆ ಚಿತ್ರಗಳನ್ನು ನೀನು ಆಗಲೇ ನೋಡಿದ್ದೀಯ. ನಾನು ಬರೆಯಬೇಕೆಂದಿರುವುದು ಮರುದಿನದ ವಿಷಯ. ಅದಕ್ಕೆ ಚಿತ್ರಗಳಿಲ್ಲ.

ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಬಸ್ಸು ಓಡುವುದಿಲ್ಲ, ರೈಲು ಓಡುವುದಿಲ್ಲ. 1863ರಿಂದ ನೆಲದಡಿಯಲ್ಲಿ ಓಡುತ್ತಿರುವ ಟ್ಯೂಬ್ ಕೂಡ ಅಂದು ನಿಂತಿರುತ್ತದೆ. ನಮ್ಮ ಮನೆಯೊಡೆಯ (ಹೌದು, ಹಾಸ್ಟೆಲಿನಲ್ಲಿ ಬಕೆಟ್ಟನ್ನೂ ಸಾಲ ತರುತ್ತಿದ್ದವನು ಈಗ ಕೆನ್ನಿಂಗ್ಟನ್ನಿನಲ್ಲಿ ಮನೆ ಮಾಡಿದ್ದಾನೆ) ಬೆಳಿಗ್ಗೆಯೇ ಹೇಳಿದ: "ಟ್ರಫಾಲ್ಗರ್ ಚೌಕದ ಕ್ರಿಸ್ಮಸ್ ಮರ ನೋಡಬೇಕಿದ್ದರೆ ನಡೆಯಬೇಕು." ಹೋಗಿ ಬರಲು ಏಳೆಂಟು ಕಿಲೋಮೀಟರ್. ಉದ್ದನೆಯವನು ಟ್ಯಾಕ್ಸಿ ಎಂದ. ಯಾರೂ ಕೇಳಲಿಲ್ಲ. ಡಾಕ್ಟರು ಹಿಂದಿನ ರಾತ್ರಿಯ ಪಾಳಿ ಮುಗಿಸಿ, ಯಾರದೋ ಕಾರಿನಲ್ಲಿ ಬೆಳಿಗ್ಗೆ ಬಂದಿಳಿದಿದ್ದಳು. "ನಿದ್ದೆ ಆಮೇಲೆ, ನಾನೂ ಬರುತ್ತೇನೆ" ಎಂದು ಬೂಟು ಕಟ್ಟಿಕೊಂಡಳು.

ಹಿಮ ಬೀಳುತ್ತಿರಲಿಲ್ಲ. ಬೂದಿ ಬಣ್ಣದ ಆಕಾಶ, ಒದ್ದೆ ರಸ್ತೆ. ಆದರೆ ಆ ನಿಶ್ಶಬ್ದವನ್ನು ನೀನು ಕೇಳಬೇಕಿತ್ತು. ಎಂಜಿನ್ನುಗಳ ಗುಡುಗು ಇಳಿದರೆ ಆ ಊರಿನಲ್ಲಿ ಇಷ್ಟೊಂದು ಹಕ್ಕಿಗಳಿವೆ ಎಂದು ಗೊತ್ತಾಗುತ್ತದೆ. ಕಿಟಕಿಗಳ ಹಿಂದೆ ಮಕ್ಕಳು ಉಡುಗೊರೆಯ ಕಾಗದ ಹರಿಯುತ್ತಿದ್ದರು, ಯಾರದೋ ಮನೆಯ ಒಲೆಯಿಂದ ಮಾಂಸ ಬೇಯುವ ವಾಸನೆ ಬೀದಿಗೆ ಬರುತ್ತಿತ್ತು. ನಡುರಸ್ತೆಯಲ್ಲಿ ಐವರೂ ಸಾಲಾಗಿ ನಡೆದೆವು, ಕಾಲೇಜಿನಲ್ಲಿ ನಡೆಯುತ್ತಿದ್ದಂತೆಯೇ.

ಥೇಮ್ಸ್ ದಡಕ್ಕೆ ಬಂದಾಗ ಮೊದಲು ಸಿಕ್ಕಿದವರು ಬಸವಣ್ಣನವರು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಆ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡದ್ದು ನಿನಗೆ ನೆನಪಿರಬಹುದು. ನೀನು ಹಾಕಿಕೊಟ್ಟ ಪಟ್ಟಿಯಲ್ಲಿ ಅದೇ ಮೊದಲನೆಯದಾಗಿತ್ತು. ಕವಿ ಉಣ್ಣೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಯಾರೂ ಮಾತನಾಡಲಿಲ್ಲ. ಆಚೆ ದಡದಲ್ಲಿ ಸಂಸತ್ತಿನ ಗೋಪುರಗಳು ಮಂಜಿನೊಳಗೆ ಅರ್ಧ ಕರಗಿದ್ದವು. ನಿನ್ನ ಪರವಾಗಿ ನಾನೊಂದು ಸಲ ಕೈಮುಗಿದೆ.

ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟುವುದೋ, ಇದೇ ದಡದಲ್ಲಿ ಮುಂದೆ ಹೋಗಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯಲ್ಲಿ ದಾಟುವುದೋ ಎಂಬ ಮಾತು ಬಂತು. ಡಾಕ್ಟರು ಲ್ಯಾಂಬೆತ್ ಎಂದಳು. ಉಳಿದ ನಾವು ನದಿಯ ಗುಂಟ ಹೊರಟೆವು. ಅವಳು ಸುಮ್ಮನೆ ಹಿಂದೆ ಬಂದಳು. ಯಾಕೆ ಬೇಡವೆಂದಳು ಎನ್ನುವುದು ಹತ್ತು ನಿಮಿಷದಲ್ಲಿ ತಿಳಿಯಿತು.

ಸೇಂಟ್ ಥಾಮಸ್ ಆಸ್ಪತ್ರೆಯ ಹೊರಗೋಡೆ ನದಿಗೆ ಮುಖ ಮಾಡಿ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕಿದೆ. ಸಂಸತ್ತಿಗೆ ಸರಿ ಎದುರು. ಆ ಗೋಡೆಯ ತುಂಬ ಅಂಗೈಯಗಲದ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಹೋದ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚ್ ಕೊನೆಯಲ್ಲಿ ಬರೆಯಲು ಶುರು ಮಾಡಿದ್ದು, ಈಗ ಎರಡು ಲಕ್ಷಕ್ಕೂ ಹೆಚ್ಚಾಗಿವೆ. ಬಿಸಿಲು ಮಳೆಗೆ ಮೊದಲಿನ ಬಣ್ಣ ಮಾಸಿಹೋಗುತ್ತದೆಂದು ಸ್ವಯಂಸೇವಕರು ಮತ್ತೆ ಮತ್ತೆ ಬಂದು ತೀಡುತ್ತಾರಂತೆ. ಕೆಲವು ಹೃದಯಗಳೊಳಗೆ ಹೆಸರಿದೆ, ಕೆಲವದರಲ್ಲಿ "ಅಪ್ಪ" ಎಂದಷ್ಟೇ ಇಂಗ್ಲಿಷಿನಲ್ಲಿದೆ, ಎಷ್ಟೋ ಖಾಲಿ ಇವೆ.

ನಾವು ನಾಲ್ವರು ಓದುತ್ತಾ ಮುಂದೆ ಹೋಗಿದ್ದೆವು. ತಿರುಗಿ ನೋಡಿದರೆ ಅವಳು ಗೋಡೆಗೆ ಅಂಗೈ ಊರಿ ನಿಂತಿದ್ದಳು. ಅವಳು ಆಗ ಕೆಲಸ ಮಾಡುತ್ತಿದ್ದುದು ಅದೇ ಊರಿನ ಬೇರೊಂದು ಆಸ್ಪತ್ರೆಯಲ್ಲಿ. ಈ ಸೇತುವೆಯ ಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದಾಳೆ, ಇಳಿದು ಗೋಡೆಯ ಹತ್ತಿರ ಬಂದದ್ದು ಅದೇ ಮೊದಲು. ಅಲ್ಲಿ ನಿಂತೇ ಹೇಳಿದಳು. 2020ರ ಏಪ್ರಿಲಿನಲ್ಲಿ ಒಬ್ಬ ಮುದುಕರ ಕಿವಿಯ ಬಳಿ ಮೊಬೈಲ್ ಹಿಡಿದುಕೊಂಡು ನಲವತ್ತು ನಿಮಿಷ ನಿಂತಿದ್ದಳಂತೆ. ಅವರ ಮಗಳು ಆ ಕಡೆಯಿಂದ ಹಾಡುತ್ತಿದ್ದಳು. ಮಗಳಿಗೆ ಒಳಗೆ ಬರಲು ಅನುಮತಿ ಇರಲಿಲ್ಲ. ಹಾಡು ನಿಲ್ಲುವ ಮೊದಲೇ ಅವರು ಹೋಗಿಬಿಟ್ಟಿದ್ದರು. ಹಾಡು ಮುಗಿಯಲಿ ಎಂದು ಇವಳು ಸುಮ್ಮನಿದ್ದಳು. ಅದು ಸರಿಯೋ ತಪ್ಪೋ ಎಂದು ಇನ್ನೂ ಯೋಚಿಸುತ್ತಾಳಂತೆ.

ಗೆಳೆಯಾ, ಆ ತಿಂಗಳುಗಳಲ್ಲಿ ನಾವು ಗುಂಪಿನಲ್ಲಿ ಏನು ಮಾತಾಡಿಕೊಂಡಿದ್ದೆವು, ನೆನಪಿದೆಯೇ? ನಾವು ದಿನಕ್ಕೆ ಐವತ್ತು ಸಂದೇಶ ಹಾಕಿದರೂ ಅವಳಿಂದ ಒಂದು ಉತ್ತರ ಬರುತ್ತಿರಲಿಲ್ಲ. ವಿದೇಶಕ್ಕೆ ಹೋದ ಮೇಲೆ ದೊಡ್ಡಸ್ತಿಕೆ ಬಂದಿದೆ ಎಂದವನು ನಾನು. ಹೌದೆಂದವನು ನೀನು. ಆಮೇಲೆ ಒಂದು ವರ್ಷ ನಾವಿಬ್ಬರೂ ಅವಳ ಹುಟ್ಟುಹಬ್ಬಕ್ಕೂ ಬರೆಯಲಿಲ್ಲ. ಆ ಗೋಡೆಯ ಮುಂದೆ ನಿಂತಾಗ ನನಗೆ ಮೊದಲು ನೆನಪಾದದ್ದು ಅದೇ. ಅವಳಿಗೆ ಹೇಳಿದೆ, ನಾನು ಹೀಗೆ ಅಂದಿದ್ದೆ ಎಂದು. ನಿನ್ನ ಹೆಸರನ್ನು ಹೇಳಲಿಲ್ಲ. ಅದು ನೀನೇ ಹೇಳಬೇಕಾದ ಮಾತು. ಅವಳು ನನ್ನ ತೋಳು ಹಿಡಿದುಕೊಂಡು, "ನಡಿ, ಚಳಿಯಾಗುತ್ತಿದೆ" ಎಂದಳು.

ಸೇತುವೆ ದಾಟಿ, ವೈಟ್‌ಹಾಲ್ ರಸ್ತೆಯಲ್ಲಿ ಸಾಗಿ ಮರದ ಬುಡಕ್ಕೆ ಬಂದೆವು. 1947ರಿಂದ ಪ್ರತಿ ವರ್ಷ ನಾರ್ವೆಯ ಓಸ್ಲೋ ನಗರದವರು ಕಾಡಿನಿಂದ ಒಂದು ಸ್ಪ್ರೂಸ್ ಮರ ಕಡಿದು ಹಡಗಿನಲ್ಲಿ ಕಳಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಬೆಂಬಲಕ್ಕೆ ನಿಂತದ್ದಕ್ಕೆ ಕೃತಜ್ಞತೆಯಾಗಿ. ಜರ್ಮನರು ನಾರ್ವೆಯನ್ನು ಹಿಡಿದಾಗ ಅಲ್ಲಿನ ದೊರೆ ಏಳನೆಯ ಹೋಕನ್ ಮತ್ತು ಅವರ ಸರ್ಕಾರ ಆಶ್ರಯ ಪಡೆದದ್ದು ಲಂಡನ್ನಿನಲ್ಲಿಯೇ. ದೀಪಗಳನ್ನು ನಾರ್ವೆಯ ಪದ್ಧತಿಯಂತೆ ಮೇಲಿಂದ ಕೆಳಕ್ಕೆ ನೇರ ಗೆರೆಗಳಾಗಿ ಇಳಿಬಿಟ್ಟಿರುತ್ತಾರೆ, ಬೇರೆ ಥಳುಕಿಲ್ಲ. ಮರ ಬಡಕಲಾಗಿದೆ ಎಂದು ಲಂಡನ್ನಿನವರೇ ಗೊಣಗುವುದುಂಟು. ನನಗೆ ರೀಜೆಂಟ್ ಸ್ಟ್ರೀಟಿನ ಅಷ್ಟೂ ಬೆಳಕಿಗಿಂತ ಅದೇ ಚೆನ್ನಾಗಿ ಕಂಡಿತು. ನಾವು ನೋಡುತ್ತಿದ್ದಂತೆಯೇ ಕತ್ತಲಾಯಿತು. ಅಲ್ಲಿ ಆ ದಿನಗಳಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ.

ಹಿಂದಿರುಗುವಾಗ ಮನೆಯೊಡೆಯನಿಗೆ ಬೆಂಕಿಪೊಟ್ಟಣ ಇಲ್ಲವೆಂದು ನೆನಪಾಯಿತು. ಕ್ರಿಸ್ಮಸ್ ಪುಡ್ಡಿಂಗಿಗೆ ಬ್ರಾಂಡಿ ಸುರಿದು ಬೆಂಕಿ ಹಚ್ಚಬೇಕಲ್ಲ! ದೊಡ್ಡ ಅಂಗಡಿಗಳು ಆ ದಿನ ತೆರೆಯಬಾರದೆಂದು 2004ರಲ್ಲಿ ಕಾನೂನೇ ಆಗಿದೆ. ಚಿಕ್ಕ ಅಂಗಡಿಗಳಿಗೆ ಅಡ್ಡಿಯಿಲ್ಲ. ಅಂಥದ್ದೊಂದನ್ನು ಹುಡುಕಲು ನಾಲ್ಕು ಬೀದಿ ಸುತ್ತಿದೆವು. ನೀಲಿ ಜ್ವಾಲೆ ಎದ್ದಾಗ ದೀಪ ಆರಿಸಿ ಎಲ್ಲರೂ ಮಕ್ಕಳಂತೆ ಕೂಗಿದೆವು. ಡಾಕ್ಟರು ಮಾತ್ರ ಅಷ್ಟರಲ್ಲಿ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಅವಳ ಪಾಲನ್ನು ಮುಚ್ಚಿಟ್ಟೆವು.

ಊಟಕ್ಕೆಂದು ಅವನು ಕ್ರ್ಯಾಕರ್ ಪೆಟ್ಟಿಗೆ ತಂದಿದ್ದ. ನಮ್ಮ ಪಟಾಕಿಯಲ್ಲ, ಕಾಗದದ ಕೊಳವೆ. ಎರಡೂ ತುದಿ ಹಿಡಿದು ಇಬ್ಬರು ಎಳೆದರೆ ಚಟ್ ಎಂದು ಸಿಡಿದು, ಒಳಗಿನಿಂದ ಕಾಗದದ ಕಿರೀಟ, ಒಂದು ಪುಟ್ಟ ಆಟಿಕೆ ಬೀಳುತ್ತವೆ. ಪೆಟ್ಟಿಗೆಯಲ್ಲಿ ಆರು ಇದ್ದವು. ನೀನು ಬರುತ್ತೀಯೆಂದು ತಿಂಗಳ ಮೊದಲೇ ಕೊಂಡದ್ದು. ನಾಲ್ಕನ್ನು ಅಂದು ರಾತ್ರಿ ಎಳೆದೆವು, ಐದನೆಯದನ್ನು ಮರುದಿನ ಡಾಕ್ಟರು ಎದ್ದ ಮೇಲೆ. ಆರನೆಯದನ್ನು ನಿನಗೆ ತರೋಣವೆಂದರೆ ಒಳಗೆ ಚಿಟಿಕೆ ಮದ್ದಿದೆ, ವಿಮಾನದಲ್ಲಿ ರಗಳೆಯಾದೀತೆಂದು ಬಿಟ್ಟುಬಂದೆ. ಅದು ಅವನ ಅಡುಗೆಮನೆಯ ಕಪಾಟಿನಲ್ಲಿ, ಚಹಾ ಡಬ್ಬಿಯ ಹಿಂದಿದೆ.

ಅವಳಿಗೆ ಈ ವಾರವೇ ಫೋನ್ ಮಾಡು. ಭಾನುವಾರ ಅವಳಿಗೆ ರಜೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಹಳೆಯ ಕೋಣೆಯ ಗೆಳೆಯ