ಹೆಸರು ಕೇಳೋಕೆ ಮರೆತ ಹಿರಿಯರಿಗೆ

ಹೋದ ತಿಂಗಳು ಸಕಲೇಶಪುರದ ಸ್ಪೇರ್ ಪಾರ್ಟ್ಸ್ ಅಂಗಡಿ ಮುಂದೆ ಸಿಕ್ಕ ಹಿರಿಯರೇ, ನಿಮಗೊಂದು ದೊಡ್ಡ ನಮಸ್ಕಾರ.

ಅಪ್ಪನ ಕಾಲದ ಜೀಪಿನ ಕ್ಲಚ್ಚನ್ನು ನಾನೇ ಬಿಚ್ಚಿ, ಹೊಸ ಪ್ಲೇಟ್ ಹಾಕಿ ಕೂರಿಸಿದ್ದೆ. ಫಸ್ಟ್ ಗೇರಿನಲ್ಲಿ ಗಾಡಿ ನಡುಗುತ್ತಿತ್ತು. ಸ್ಪೀಡ್ ಜಾಸ್ತಿಯಾದರೆ ತಳವೆಲ್ಲ ಗುಂಯ್‌ಗುಡುತ್ತಿತ್ತು. ಸುಮ್ನೆ ಪ್ಲೇಟನ್ನು ಬೈಯುತ್ತಾ ಇನ್ನೊಂದು ಕೊಳ್ಳಲು ಬಂದಿದ್ದೆ. "ಬಿಚ್ಚೋ ಮುಂಚೆ ಗುರುತು ಹಾಕಿದ್ರಾ?" ಅಂದಿರಿ. ಹಾಕಿರಲಿಲ್ಲ.

ನೀವು ಶೆಡ್ಡಿಗೇ ಬಂದಿರಿ. ಗೇರ್‌ಬಾಕ್ಸ್ ಇಳಿಸಿ, ಎಂಜಿನ್ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲಿನ ಅಂಚು ಒರೆಸಿದಾಗ ಸಾಸಿವೆ ಕಾಳಿನಷ್ಟು ಪಂಚ್ ಗುರುತು ಕಂಡಿತು. ಅದರ ಜೋಡಿ ಗುರುತು, ಪ್ಲೇಟಿನ ಮೇಲೆ ಕೂರುವ ಕ್ಲಚ್ ಕವರಿನ ಮೇಲೆ. ಎರಡನ್ನೂ ಒಟ್ಟಿಗೆ ಬ್ಯಾಲೆನ್ಸ್ ಮಾಡಿರುತ್ತಾರಂತೆ; ನಾನು ಒಂದು ಬೋಲ್ಟ್ ಆಚೆ ಕೂರಿಸಿದ್ದೆ!

ಆಮೇಲೆ ಕವರಿನ ಮೂರು ಫಿಂಗರ್‌ಗಳ, ಅಂದರೆ ಕ್ಲಚ್ ತುಳಿದಾಗ ಒತ್ತು ಬಿಡಿಸುವ ಸಣ್ಣ ಸನ್ನೆಗಳ, ಎತ್ತರ ಅಳೆದಿರಿ. ಒಂದು 2 ಮಿಲಿಮೀಟರ್ ತಗ್ಗಿತ್ತು. ಕ್ಲಚ್ ಪ್ಲೇಟನ್ನು ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್ ಓರೆಯಾಗಿ ಏಳುತ್ತಿದ್ದುದು ಅದಕ್ಕೇ. ಫಿಂಗರಿನ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸೋದು, ಅಳೆಯೋದು, ಮತ್ತೆ ತಿರುಗಿಸೋದು. ನನಗೆ ತಾಳ್ಮೆ ಹೋಯಿತು, ನಿಮಗೆ ಹೋಗಲಿಲ್ಲ. ಹಳೇ ಗೇರ್‌ಬಾಕ್ಸ್ ಶಾಫ್ಟ್ ತೂರಿಸಿ ಕ್ಲಚ್ ಪ್ಲೇಟನ್ನು ನಡುವಿಗೆ ತಂದಿರಿ. ಬೋಲ್ಟುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿ ಮಾಡಿಸಿದಿರಿ, ನನ್ನ ಕೈಯಲ್ಲೇ.

ದುಡ್ಡು ಬೇಡವೆಂದಿರಿ. ಕಾಫಿ ಮಾತ್ರ ಎರಡು ಲೋಟ ಆಯಿತು, ಅಲ್ವಾ? ನಿನ್ನೆ ಏಳು ಮೂಟೆ ಕಾಫಿ ಹೇರಿಕೊಂಡು ದಿಬ್ಬ ಹತ್ತಿದೆ. ನಡುಕವೇ ಇಲ್ಲ. ಅಂಗಡಿ ಕಡೆ ಬಂದಾಗ ಒಮ್ಮೆ ಹೇಳಿಕಳಿಸಿ, ನೀವು ಅಳೆದ ವರ್ನಿಯರ್ ಅಳತೆಪಟ್ಟಿ ನಮ್ಮ ಶೆಡ್ಡಿನಲ್ಲೇ ಉಳಿದಿದೆ.