ಉಬ್ಬಸದ ರೋಗಿಗಳ ಮನೆಗೂ ದಾದಿಯರು ಬರಲಿ

ಮಾನ್ಯ ಸಂಪಾದಕರೇ,

ನಮ್ಮ ಮಲೆನಾಡಿನ ಕಡೆ ಇದನ್ನು ಗೂರಲು, ಉಬ್ಬಸ ಎಂದೆಲ್ಲ ಕರೆಯುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಸಿಒಪಿಡಿ ಎಂದು ಬರೆದಿರುತ್ತದೆ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸನಾಳಗಳು ಕಿರಿದಾಗಿ, ಒಳಗೆಳೆದ ಉಸಿರನ್ನು ಪೂರ್ತಿ ಹೊರಬಿಡಲಾಗದಂತೆ ಮಾಡುವ ಈ ಕಾಯಿಲೆ ಬೀಡಿ ಸೇದುವವರಿಗಷ್ಟೇ ಬರುವುದಲ್ಲ. ಬೀಡಿಯನ್ನು ಕೈಯಲ್ಲೂ ಮುಟ್ಟದ ನನ್ನ ತಾಯಿಗೆ ಇದು ಬಂದದ್ದು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತದ್ದರಿಂದ, ಮಳೆಗಾಲದಲ್ಲಿ ಹಸಿ ಸೌದೆಯಲ್ಲೇ ಬಚ್ಚಲ ಹಂಡೆ ಕಾಯಿಸಿದ್ದರಿಂದ, ಸುಗ್ಗಿಯಲ್ಲಿ ಅಡಿಕೆ ಬೇಯಿಸುತ್ತ ರಾತ್ರಿ ಕಳೆದದ್ದರಿಂದ. ಉಜ್ವಲಾ ಯೋಜನೆ 2016ರಲ್ಲಿ ಬರುವ ಹೊತ್ತಿಗೆ ಆ ಪೀಳಿಗೆಯ ಎಷ್ಟೋ ಹೆಂಗಸರ ಎದೆ ಆಗಲೇ ಕೆಟ್ಟುಹೋಗಿತ್ತು.

ಇಂಥ ರೋಗಿ ವರ್ಷದಲ್ಲಿ ಹತ್ತಿಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದರೆ ಉಳಿದ ದಿನವೆಲ್ಲ ಮನೆಯಲ್ಲೇ ಇರಬೇಕು. ನಮ್ಮನ್ನು ಡಿಸ್ಚಾರ್ಜ್ ಮಾಡಿದಾಗ ಒಂದು ಚೀಲ ಔಷಧಿ ಕೈಗಿತ್ತು, ಆಕ್ಸಿಜನ್ ಮಷೀನ್ ಕೊಂಡು ದಿನಕ್ಕೆ 15 ಗಂಟೆಗೆ ಕಡಿಮೆಯಾಗದಂತೆ ಹಾಕಿ ಎಂದು ಹೇಳಿದರು. ಅದನ್ನು ಹೇಗೆ ಹಾಕಬೇಕು, ಏನನ್ನು ಗಮನಿಸಬೇಕು ಎಂದು ತೋರಿಸಲು ಅಲ್ಲಿ ಯಾರಿಗೂ ಬಿಡುವಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಏಜೆನ್ಸಿಯೊಂದರ ಮೂಲಕ ಹೋಮ್ ನರ್ಸ್ ಒಬ್ಬರನ್ನು ಕರೆಸಿಕೊಂಡೆವು. ಅವರು ತಾಯಿಯನ್ನು ಅಕ್ಕರೆಯಿಂದಲೇ ನೋಡಿಕೊಂಡರು. ಒಂದು ರಾತ್ರಿ ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಬೆರಳಿನ ಆಕ್ಸಿಮೀಟರ್ 89 ತೋರಿಸಿದ್ದನ್ನು ಕಂಡು ಗಾಬರಿಯಾಗಿ, ನಿಮಿಷಕ್ಕೆ ಒಂದೂವರೆ ಲೀಟರಿನಲ್ಲಿದ್ದ ಮಷೀನನ್ನು 5 ಲೀಟರಿಗೆ ತಿರುಗಿಸಿದರು. ಬೆಳಿಗ್ಗೆ ಅದರಲ್ಲಿ 97 ಇತ್ತು, ನಮಗೆಲ್ಲ ಸಮಾಧಾನವಾಯಿತು. ಆದರೆ ತಾಯಿ ಕಣ್ಣು ಬಿಡಲು ಒಪ್ಪಲಿಲ್ಲ, ತಲೆ ಸಿಡಿಯುತ್ತಿದೆ ಎಂದರು, ನನ್ನನ್ನು ತೀರಿಹೋದ ಸೋದರಮಾವನ ಹೆಸರು ಹಿಡಿದು ಕೂಗಿದರು. ಆಸ್ಪತ್ರೆಗೆ ಓಡಿದಾಗಲೇ ಗೊತ್ತಾದದ್ದು: ಇಂಥ ರೋಗಿಗಳಲ್ಲಿ ಆ ಅಂಕಿ 88ರಿಂದ 92ರ ನಡುವೆ ಇದ್ದರೆ ಸಾಕು, ಆಕ್ಸಿಜನ್ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಮಂಪರು ಕವಿಯುತ್ತದೆ, ಪ್ರಾಣಕ್ಕೂ ಕುತ್ತು ಬರಬಹುದು. ಆ ಹೆಣ್ಣುಮಗಳನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮೈ ಒರೆಸುವುದು, ಊಟ ಮಾಡಿಸುವುದನ್ನಷ್ಟೇ ಕಲಿತವರನ್ನು ನರ್ಸ್ ಎಂದು ಕರೆದು ಮನೆಗಳಿಗೆ ಕಳುಹಿಸುವ ಪದ್ಧತಿಗೆ ಒಂದು ಲಗಾಮು ಬೇಕು ಎಂಬುದಷ್ಟೇ ನನ್ನ ಮಾತು.

ಆ ಸಲ ವಾರ್ಡಿನ ಹಿರಿಯ ದಾದಿಯೊಬ್ಬರು ಪಾಳಿ ಮುಗಿದ ಮೇಲೂ ಒಂದು ಗಂಟೆ ನಮ್ಮ ಜೊತೆ ಕೂತರು. ತಾಯಿ ಇನ್‌ಹೇಲರ್ ಒತ್ತುವುದನ್ನು ನೋಡಿ, ಔಷಧಿಯೆಲ್ಲ ನಾಲಿಗೆಯ ಮೇಲೇ ಉಳಿಯುತ್ತಿದೆ ಎಂದು ಹೇಳಿ ಸ್ಪೇಸರ್ ಎಂಬ ಕೊಳವೆಯನ್ನು ಅದಕ್ಕೆ ಹಚ್ಚಿ ನಿಧಾನವಾಗಿ ಎಳೆದುಕೊಳ್ಳುವುದನ್ನು ಕಲಿಸಿದರು. ಆಮೇಲೆ ಬಾಯಿ ಮುಕ್ಕಳಿಸದಿದ್ದರೆ ಹುಣ್ಣಾಗುತ್ತದೆ ಎಂದರು. ಏದುಸಿರು ಬಂದಾಗ ಮೇಜಿನ ಮೇಲೆ ದಿಂಬಿಟ್ಟು ಮುಂದಕ್ಕೆ ಬಾಗಿ ಕೂತು, ತುಟಿ ಕಿರಿದು ಮಾಡಿ ಬಿಸಿ ಕಾಫಿ ಆರಿಸುವಂತೆ ಉಸಿರು ಬಿಡುವುದನ್ನು ತಾವೇ ಮಾಡಿ ತೋರಿಸಿದರು. ಕಫದ ಬಣ್ಣ ಹಳದಿಗೋ ಹಸಿರಿಗೋ ತಿರುಗಿದರೆ ಉಸಿರು ಕಟ್ಟುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕೆಂದರು. ಮಷೀನನ್ನು ದೇವರ ದೀಪದ ಹತ್ತಿರ ಇಟ್ಟಿದ್ದೇವೆಂದು ತಿಳಿದು ಅವರು ಬೆಚ್ಚಿದರು; ಆಕ್ಸಿಜನ್ ಇರುವಲ್ಲಿ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ, ಎಣ್ಣೆ ಜಿಡ್ಡೂ ಅಪಾಯ ಎಂದರು. ಒಣಗಿದ ಮೂಗಿಗೆ ನಾವು ಹಚ್ಚುತ್ತಿದ್ದ ಎಣ್ಣೆ, ವ್ಯಾಸಲೀನ್ ಅಂದಿಗೇ ನಿಂತವು. ಈ ಒಂದು ಗಂಟೆ ನಮಗೆ ಎರಡು ವರ್ಷ ಮೊದಲೇ ಸಿಗಬೇಕಿತ್ತು.

ಇದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸಿಒಪಿಡಿ ಈಗಾಗಲೇ ಸೇರಿದೆ. ಉಪಕೇಂದ್ರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹುತೇಕರು ನರ್ಸಿಂಗ್ ಓದಿದವರು. ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯಡಿ ಬಿಪಿ, ಸಕ್ಕರೆ ಕಾಯಿಲೆ ನೋಡಲು ಮನೆ ಬಾಗಿಲಿಗೇ ಬರುತ್ತಾರೆ. ಮನೆಯಲ್ಲಿ ಆಕ್ಸಿಜನ್ ಹಾಕಿಕೊಳ್ಳುವವರ ಪಟ್ಟಿಯೊಂದನ್ನು ಇವರ ಕೈಗೆ ಕೊಟ್ಟು, ತರಬೇತಿ ನೀಡಿ, ತಿಂಗಳಿಗೊಮ್ಮೆ ಹೋಗಿಬರಲು ಹೇಳುವುದು ಅಸಾಧ್ಯವೇ? ಪಕ್ಕದ ಕೇರಳ 2008ರಲ್ಲೇ ಗುಣವಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯ ನೀತಿ ಮಾಡಿಕೊಂಡಿತು. ಅಲ್ಲಿ ಸ್ಥಳೀಯ ಪಂಚಾಯಿತಿಗಳ ನೆರವಿನಿಂದ ದಾದಿಯರು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ. ಆಸ್ಪತ್ರೆಗಳು ಕೂಡ ಡಿಸ್ಚಾರ್ಜ್ ಮಾಡುವ ಮೊದಲು ಆರೈಕೆ ಮಾಡುವವರ ಕೈಯಲ್ಲೇ ಎಲ್ಲವನ್ನೂ ಒಮ್ಮೆ ಮಾಡಿಸಿ ನೋಡಿ, ಎಷ್ಟು ಲೀಟರ್, ಎಷ್ಟು ಅಂಕಿ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು.

ಕೊನೆಯದಾಗಿ ಕರೆಂಟಿನ ವಿಷಯ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ನಮ್ಮೂರಿನಲ್ಲಿ ಎರಡು ದಿನ ಬೆಳಕಿಲ್ಲ; ಮನೆಯ ಇನ್ವರ್ಟರ್ ಈ ಮಷೀನನ್ನು ಎರಡು ಮೂರು ಗಂಟೆಗಿಂತ ಹೆಚ್ಚು ಓಡಿಸುವುದಿಲ್ಲ. ಇಂಥ ಮನೆಗಳ ಪಟ್ಟಿ ಲೈನ್‌ಮನ್‌ಗಳ ಬಳಿಯೂ ಇರಲಿ, ದುರಸ್ತಿಗೆಂದು ಕರೆಂಟ್ ತೆಗೆಯುವ ಮುನ್ನಾದಿನವೇ ಫೋನ್ ಮಾಡಿ ತಿಳಿಸಲಿ. ಮಳೆಗಾಲ ಶುರುವಾಗುವ ಮೊದಲು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರವಲು ಕೊಡಲು ತುಂಬಿದ ಸಿಲಿಂಡರ್ ಒಂದೆರಡಾದರೂ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಓದುಗ